ಶುಗರ್ ಮಾತ್ರೆ, ಇನ್ಸುಲಿನ್ ಮತ್ತು ವಾಹನ ಚಾಲನೆ: ಗಾಡಿ ಹೊರಡಿಸುವ ಮೊದಲೇ ತೀರ್ಮಾನಿಸಬೇಕಾದ ಸಂಗತಿಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇವರಲ್ಲಿ ಬಹಳಷ್ಟು ಮಂದಿ ದಿನವೂ ಸ್ಕೂಟರ್, ಕಾರು, ಆಟೋ, ಲಾರಿ, ಬಸ್ಸು ಓಡಿಸುವವರೇ ಆಗಿದ್ದಾರೆ. ಆದರೂ ವೈದ್ಯರ ಕೊಠಡಿಯಲ್ಲಿ ಮಾತ್ರೆಯನ್ನು ಊಟಕ್ಕೆ ಮುಂಚೆ ತೆಗೆದುಕೊಳ್ಳಬೇಕೋ ನಂತರವೋ ಎಂಬ ಮಾತು ಬರುವಷ್ಟು ಸಹಜವಾಗಿ, ನೀವು ಗಾಡಿ ಓಡಿಸುತ್ತೀರಾ, ದಿನಕ್ಕೆ ಎಷ್ಟು ಹೊತ್ತು ಓಡಿಸುತ್ತೀರಿ ಎಂಬ ಪ್ರಶ್ನೆ ಬರುವುದಿಲ್ಲ. ರೋಗಿಯೂ ಅದನ್ನು ತಾನಾಗಿ ಹೇಳುವುದಿಲ್ಲ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಧುಮೇಹವಿರುವವರಲ್ಲಿ ಹೆಚ್ಚಿನವರು ಯಾವ ತೊಂದರೆಯೂ ಇಲ್ಲದೆ ವಾಹನ ಚಲಾಯಿಸಬಲ್ಲರು, ಚಲಾಯಿಸುತ್ತಲೂ ಇದ್ದಾರೆ. ಅಪಾಯವಿರುವುದು ಕೆಲವು ಬಗೆಯ ಔಷಧಗಳಿಂದ ರಕ್ತದ ಸಕ್ಕರೆ ಇಳಿದುಹೋಗುವ ಸ್ಥಿತಿಯಲ್ಲಿ. ವೈದ್ಯರು ಇದನ್ನು ಹೈಪೊಗ್ಲೈಸೀಮಿಯಾ ಎನ್ನುತ್ತಾರೆ, ಜನರು ಲೋ ಶುಗರ್ ಎನ್ನುತ್ತಾರೆ. ಈ ಸ್ಥಿತಿಯ ನಿಜವಾದ ತೊಡಕು ಏನೆಂದರೆ, ‘ನನಗೆ ಏನೋ ಆಗುತ್ತಿದೆ, ಗಾಡಿ ನಿಲ್ಲಿಸಬೇಕು’ ಎಂದು ನಿರ್ಧರಿಸಬೇಕಾದ ಮಿದುಳೇ ಸಕ್ಕರೆ ಇಳಿದಾಗ ಮೊದಲು ಮಂಕಾಗುವ ಅಂಗ. ಆದ್ದರಿಂದ ಸ್ಟಿಯರಿಂಗ್ ಹಿಡಿದ ಮೇಲೆ ನೋಡಿಕೊಳ್ಳೋಣ ಎನ್ನುವುದು ಇಲ್ಲಿ ನಡೆಯುವುದಿಲ್ಲ. ತೀರ್ಮಾನಗಳೆಲ್ಲ ಗಾಡಿ ಹೊರಡುವ ಮೊದಲೇ ಆಗಿರಬೇಕು.

ಸಕ್ಕರೆ ಇಳಿದಾಗ ದೇಹದಲ್ಲಿ ಆಗುವುದೇನು

ಮಿದುಳು ದೇಹದ ತೂಕದ ಶೇ 2ರಷ್ಟೇ ಇದ್ದರೂ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯ ಸುಮಾರು ಶೇ 20ರಷ್ಟನ್ನು ಅದೊಂದೇ ಬಳಸುತ್ತದೆ. ಆ ಶಕ್ತಿ ಬಹುಪಾಲು ಗ್ಲೂಕೋಸಿನಿಂದಲೇ ಬರಬೇಕು, ಅದನ್ನು ಕೂಡಿಟ್ಟುಕೊಳ್ಳುವ ಸಾಮರ್ಥ್ಯ ಮಿದುಳಿಗೆ ಇಲ್ಲವೆಂದೇ ಹೇಳಬಹುದು. ರಕ್ತದಲ್ಲಿನ ಗ್ಲೂಕೋಸ್ ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಂ ಮಟ್ಟಕ್ಕಿಂತ ಇಳಿದರೆ ಅದನ್ನು ಲೋ ಶುಗರ್ ಎಂದು ಪರಿಗಣಿಸುತ್ತಾರೆ. ಆ ಹಂತದಲ್ಲಿ ದೇಹ ಗ್ಲುಕಗಾನ್ ಮತ್ತು ಅಡ್ರಿನಲಿನ್ ಹಾರ್ಮೋನುಗಳನ್ನು ಬಿಡುಗಡೆ ಮಾಡಿ, ಯಕೃತ್ತಿನಲ್ಲಿರುವ ಸಕ್ಕರೆಯ ದಾಸ್ತಾನನ್ನು ರಕ್ತಕ್ಕೆ ಇಳಿಸಲು ಯತ್ನಿಸುತ್ತದೆ. ಕೈ ನಡುಗುವುದು, ಎದೆ ಡವಗುಟ್ಟುವುದು, ತಣ್ಣನೆಯ ಬೆವರು, ತಡೆಯಲಾರದ ಹಸಿವು, ಕಾರಣವಿಲ್ಲದ ಗಾಬರಿ ಇವೆಲ್ಲ ಆ ಹಾರ್ಮೋನುಗಳ ಕೆಲಸ. ಇವು ದೇಹ ಕೊಡುವ ಎಚ್ಚರಿಕೆ.

ಮಟ್ಟ 54ಕ್ಕಿಂತಲೂ ಕೆಳಗಿಳಿದರೆ ಮಿದುಳಿನ ಕೆಲಸದಲ್ಲೇ ಏರುಪೇರಾಗುತ್ತದೆ. ಕಣ್ಣು ಮಂಜಾಗುವುದು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ಸಣ್ಣದಕ್ಕೆ ಸಿಟ್ಟು ಬರುವುದು, ಗೊತ್ತಿರುವ ದಾರಿಯೇ ಗುರುತು ಸಿಗದಂತಾಗುವುದು, ಬ್ರೇಕ್ ಒತ್ತಬೇಕೆಂದು ಹೊಳೆಯುವುದೇ ತಡವಾಗುವುದು ಈ ಹಂತದ ಲಕ್ಷಣಗಳು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿ ಟೈಪ್ 1 ಮಧುಮೇಹಿಗಳನ್ನು ಚಾಲನಾ ಸಿಮ್ಯುಲೇಟರ್‌ನಲ್ಲಿ ಕೂರಿಸಿ, ವೈದ್ಯಕೀಯ ನಿಗಾದಲ್ಲಿ ಅವರ ಸಕ್ಕರೆಯ ಮಟ್ಟವನ್ನು ಹಂತಹಂತವಾಗಿ ಇಳಿಸಿ ನೋಡಿದರು. ಚಾಲಕರ ಗಾಡಿ ಲೇನ್ ಬಿಟ್ಟು ಅತ್ತಿತ್ತ ಸರಿಯತೊಡಗಿತು. ಅದಕ್ಕಿಂತ ಮುಖ್ಯವಾದ ಸಂಗತಿ ಎಂದರೆ, ತಮಗೆ ಏನೋ ಸರಿಯಿಲ್ಲ ಎಂದು ಅನಿಸಿದವರಲ್ಲೂ ಹಲವರು ಗಾಡಿ ನಿಲ್ಲಿಸಲಿಲ್ಲ, ಕೈಗೆಟುಕುವಂತೆ ಇಟ್ಟಿದ್ದ ಸಿಹಿ ಪಾನೀಯವನ್ನು ಕುಡಿಯಲೂ ಇಲ್ಲ. ಅದನ್ನು ಅವರ ಉದಾಸೀನ ಎಂದು ತಿಳಿಯಬಾರದು. ಗೊತ್ತಾದುದನ್ನು ಕ್ರಿಯೆಗೆ ತರುವ ಶಕ್ತಿಯೇ ಆ ಹೊತ್ತಿಗೆ ಕುಂದಿರುತ್ತದೆ.

ನಿಮ್ಮ ಮಾತ್ರೆ ಯಾವ ಗುಂಪಿನದು

ಎಲ್ಲ ಶುಗರ್ ಮಾತ್ರೆಗಳೂ ಒಂದೇ ಅಲ್ಲ ಎಂಬುದನ್ನು ಚಾಲಕರು ಅಗತ್ಯವಾಗಿ ತಿಳಿದಿರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಲೋ ಶುಗರ್ ಅಪಾಯ ಎಲ್ಲರಿಗಿಂತ ಹೆಚ್ಚು. ಮಾತ್ರೆಗಳಲ್ಲಿ, ಮೇದೋಜೀರಕ ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಹೊರಡುವಂತೆ ಮಾಡುವ ಸಲ್ಫೊನೈಲ್‌ಯೂರಿಯಾ ಗುಂಪಿನವು ಇನ್ಸುಲಿನ್‌ನಂತೆಯೇ ಸಕ್ಕರೆಯನ್ನು ಮಿತಿಮೀರಿ ಇಳಿಸಬಲ್ಲವು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್, ಗ್ಲಿಬೆನ್‌ಕ್ಲಮೈಡ್ ಈ ಗುಂಪಿಗೆ ಸೇರಿವೆ. ರೆಪಾಗ್ಲಿನೈಡ್ ಬೇರೆ ಗುಂಪಿನದಾದರೂ ಅದರ ಸ್ವಭಾವವೂ ಇಂಥದ್ದೇ. ಊಟ ಮಾಡಿದ್ದೀರೋ ಇಲ್ಲವೋ ಎಂಬುದನ್ನು ಈ ಔಷಧಗಳು ನೋಡುವುದಿಲ್ಲ. ಒಮ್ಮೆ ದೇಹ ಸೇರಿದರೆ ತಮ್ಮ ಕೆಲಸವನ್ನು ಮಾಡಿಯೇ ತೀರುತ್ತವೆ.

ಮೆಟ್‌ಫಾರ್ಮಿನ್, ಪಯೊಗ್ಲಿಟಜೋನ್, ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದವನ್ನು ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಜೊತೆ ಸೇರಿಸದೆ ತೆಗೆದುಕೊಳ್ಳುವವರಲ್ಲಿ ಲೋ ಶುಗರ್ ಆಗುವುದು ವಿರಳ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಗ್ಲುಟೈಡ್‌ನಂಥ ಔಷಧಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಅವುಗಳಿಂದ ಬರುವ ವಾಕರಿಕೆ ಮೊದಲ ಕೆಲವು ವಾರಗಳಲ್ಲಿ ಚಾಲನೆಗೆ ಅಡ್ಡಿಯಾಗಬಹುದು. ಕೇವಲ ಮೆಟ್‌ಫಾರ್ಮಿನ್ ನುಂಗುವವರು ಪ್ರತಿ ಸಲ ಗಾಡಿ ತೆಗೆಯುವ ಮುನ್ನ ಬೆರಳು ಚುಚ್ಚಿಕೊಳ್ಳುವ ಅಗತ್ಯವಿಲ್ಲ.

ಆದರೆ ನಮ್ಮಲ್ಲಿ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಗಳನ್ನು ಬೆರೆಸಿ ಕೊಡುವ ರೂಢಿ ವ್ಯಾಪಕವಾಗಿದೆ. ‘ನಾನು ತಗೊಳ್ಳೋದು ಒಂದೇ ಮಾತ್ರೆ’ ಎನ್ನುವವರ ಆ ಒಂದು ಮಾತ್ರೆಯೊಳಗೆ ಗ್ಲಿಮೆಪಿರೈಡ್ ಸೇರಿಕೊಂಡಿರುವುದು ಬಹಳ ಸಾಮಾನ್ಯ. ಸ್ಟ್ರಿಪ್ಪಿನ ಮೇಲೆ ದೊಡ್ಡಕ್ಷರದಲ್ಲಿರುವ ಕಂಪನಿಯ ಹೆಸರನ್ನು ಬಿಟ್ಟು, ಅದರ ಕೆಳಗೆ ಅಥವಾ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಓದಬೇಕು. ಮೇಲೆ ಹೇಳಿದ ಸಲ್ಫೊನೈಲ್‌ಯೂರಿಯಾಗಳ ಹೆಸರು ‘ಗ್ಲಿ’ ಎಂದು ಶುರುವಾಗುತ್ತದೆ. ‘ಗ್ಲಿಪ್ಟಿನ್’, ‘ಗ್ಲಿಫ್ಲೋಜಿನ್’ ಎಂದು ಕೊನೆಗೊಳ್ಳುವವು ಬೇರೆ ಗುಂಪಿನವು. ಓದಲು ಆಗದಿದ್ದರೆ ಸ್ಟ್ರಿಪ್ಪನ್ನೇ ಔಷಧ ಅಂಗಡಿಯ ಫಾರ್ಮಾಸಿಸ್ಟ್‌ಗೆ ತೋರಿಸಿ ‘ಇದರಿಂದ ಶುಗರ್ ಡೌನ್ ಆಗುತ್ತದೆಯೇ?’ ಎಂದು ಕೇಳಿದರೆ ಸಾಕು.

ಅಪಾಯ ಹೇಗೆ ಕೂಡಿಬರುತ್ತದೆ ಎಂಬುದಕ್ಕೆ ನಮ್ಮ ಮನೆಗಳಲ್ಲೇ ನಡೆಯುವ ಒಂದು ಸಂದರ್ಭವನ್ನು ಗಮನಿಸಬಹುದು. ಮದುವೆಗೆ ಹೋಗಬೇಕೆಂದು ಮನೆಯಲ್ಲಿ ಬೆಳಿಗ್ಗೆ ಅರ್ಧ ಇಡ್ಲಿ, ಒಂದು ಲೋಟ ಕಾಫಿ ಆಗುತ್ತದೆ, ಏಕೆಂದರೆ ಅಲ್ಲಿ ಹೇಗೂ ಊಟವಿದೆ. ಮಾತ್ರೆಯನ್ನು ಮಾತ್ರ ದಿನದಂತೆಯೇ ನುಂಗಲಾಗುತ್ತದೆ. ಮುಹೂರ್ತ ತಡವಾಗಿ, ಮೊದಲ ಪಂಕ್ತಿಯಲ್ಲಿ ಎಲೆ ಸಿಗದೆ, ಎರಡನೆಯ ಪಂಕ್ತಿಗೆ ಕಾಯುವಷ್ಟರಲ್ಲಿ ಮಧ್ಯಾಹ್ನ ಎರಡೂವರೆ ದಾಟಿರುತ್ತದೆ. ಇಷ್ಟರ ನಡುವೆ ಯಾರನ್ನೋ ಬಸ್ ನಿಲ್ದಾಣಕ್ಕೆ ಬಿಟ್ಟು ಬರಬೇಕಾಗುತ್ತದೆ, ಕಾರಿನ ಕೀಲಿ ಆ ಮಧುಮೇಹಿಯ ಜೇಬಿನಲ್ಲಿರುತ್ತದೆ. ಈ ಸರಣಿಯಲ್ಲಿ ಯಾವುದೊಂದೂ ದೊಡ್ಡ ತಪ್ಪಲ್ಲ, ಆದರೆ ಮಾತ್ರೆಯ ಹೊತ್ತಿಗೂ ಊಟದ ಹೊತ್ತಿಗೂ ತಾಳ ತಪ್ಪಿಹೋಗಿದೆ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸದ ದಿನಗಳಲ್ಲಿ, ಬೆಳಗಿನ ವಾಕಿಂಗ್ ಎಂದಿಗಿಂತ ಹೆಚ್ಚಾದಾಗ, ಇಡೀ ದಿನ ಮನೆ ಖಾಲಿ ಮಾಡಿ ಸಾಮಾನು ಹೊತ್ತಾಗ ಕೂಡ ಹೀಗೆಯೇ ಆಗುತ್ತದೆ. ಅಂಥ ದಿನ ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣವನ್ನು ಹೇಗೆ ಹೊಂದಿಸಬೇಕೆಂದು ವೈದ್ಯರನ್ನು ಮುಂಚೆಯೇ ಕೇಳಿಟ್ಟುಕೊಳ್ಳಬೇಕು, ಮತ್ತು ಆ ದಿನ ಗಾಡಿಯನ್ನು ಬೇರೆಯವರಿಗೆ ಒಪ್ಪಿಸುವುದು ಎಲ್ಲಕ್ಕಿಂತ ಸುರಕ್ಷಿತ.

ಕೆಲವರಲ್ಲಿ ಲೋ ಶುಗರ್ ಹೆಚ್ಚು ಹೊತ್ತು ಕಾಡುತ್ತದೆ. ಮೂತ್ರಪಿಂಡದ ಶಕ್ತಿ ಕುಂದಿದವರಲ್ಲಿ ಇನ್ಸುಲಿನ್ ಮತ್ತು ಸಲ್ಫೊನೈಲ್‌ಯೂರಿಯಾಗಳು ದೇಹದಿಂದ ಬೇಗ ಹೊರಹೋಗುವುದಿಲ್ಲ. ಮದ್ಯ ಸೇವಿಸಿದರೆ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುವುದು ಕುಗ್ಗುತ್ತದೆ, ಹೀಗಾಗಿ ರಾತ್ರಿ ಕುಡಿದವರಿಗೆ ಮರುದಿನ ಬೆಳಿಗ್ಗೆಯೂ ಸಕ್ಕರೆ ಇಳಿಯಬಹುದು.

ಹೊರಡುವ ಮುನ್ನ

ಬ್ರಿಟನ್ನಿನ ಚಾಲನಾ ಪರವಾನಗಿ ಪ್ರಾಧಿಕಾರವು ಇನ್ಸುಲಿನ್ ಬಳಸುವ ಚಾಲಕರಿಗೆ ಸ್ಪಷ್ಟವಾದ ನಿಯಮ ಮಾಡಿದೆ. ಹೊರಡುವುದಕ್ಕೆ ಎರಡು ಗಂಟೆಗಳೊಳಗೆ ಒಮ್ಮೆ ಸಕ್ಕರೆಯ ಮಟ್ಟ ನೋಡಬೇಕು, ದೂರದ ಪ್ರಯಾಣವಾದರೆ ದಾರಿಯಲ್ಲಿ ಪ್ರತಿ ಎರಡು ಗಂಟೆಗೊಮ್ಮೆ ನೋಡಬೇಕು. ನಮ್ಮ ಗ್ಲುಕೋಮೀಟರಿನ ಲೆಕ್ಕದಲ್ಲಿ ಮಟ್ಟ 90 ಅಥವಾ ಅದಕ್ಕಿಂತ ಮೇಲಿದ್ದರೆ ಹೊರಡಬಹುದು. 70ರಿಂದ 90ರ ನಡುವೆ ಇದ್ದರೆ ಏನಾದರೂ ತಿಂದು ಹೊರಡಬೇಕು. 70ಕ್ಕಿಂತ ಕೆಳಗಿದ್ದರೆ ಗಾಡಿ ಮುಟ್ಟುವಂತಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಕಾನೂನಿನ ವಿಷಯ. ಇಲ್ಲಿರುವ ನಮಗೆ ಅದು ಕಡ್ಡಾಯವಲ್ಲವಾದರೂ, ಇನ್ಸುಲಿನ್ ತೆಗೆದುಕೊಳ್ಳುವ ಪ್ರತಿಯೊಬ್ಬ ಚಾಲಕರೂ ಇದನ್ನು ತಮ್ಮ ನಿಯಮವಾಗಿ ಮಾಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ. ಗ್ಲುಕೋಮೀಟರಿಗೆ ಹಾಕುವ ಪರೀಕ್ಷಾ ಸ್ಟ್ರಿಪ್ಪಿನ ಬೆಲೆ ಹಲವರಿಗೆ ಭಾರವೇ ಸರಿ. ದಿನಕ್ಕೆ ಹಲವು ಸಲ ನೋಡಲು ಆಗದವರು ಕೊನೆಯ ಪಕ್ಷ ದೂರದ ಪ್ರಯಾಣದ ಮುನ್ನ, ಊಟ ತಡವಾದ ದಿನ, ಔಷಧದ ಪ್ರಮಾಣ ಬದಲಾದ ವಾರ ನೋಡಿಕೊಳ್ಳಬೇಕು.

ತೋಳಿಗೆ ಅಂಟಿಸುವ ಸೆನ್ಸರ್ ಬಳಸುವವರು ಒಂದು ಅಂಶ ನೆನಪಿಡಬೇಕು. ಅದು ಅಳೆಯುವುದು ಚರ್ಮದಡಿಯ ದ್ರವದಲ್ಲಿರುವ ಗ್ಲೂಕೋಸನ್ನು, ಆದ್ದರಿಂದ ರಕ್ತದ ಮಟ್ಟ ವೇಗವಾಗಿ ಇಳಿಯುತ್ತಿರುವಾಗ ಸೆನ್ಸರಿನ ಅಂಕಿ ಕೆಲವು ನಿಮಿಷ ಹಿಂದೆ ಬಿದ್ದಿರುತ್ತದೆ. ಅಂಕಿ ಸರಿಯಿದ್ದರೂ ಮೈ ಬೆವರುತ್ತಿದ್ದರೆ ಬೆರಳು ಚುಚ್ಚಿ ನೋಡಬೇಕು.

ಕಾರಿನಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲೇಬೇಕು. ಅದನ್ನು ಹಿಂದಿನ ಸೀಟಿನ ಬ್ಯಾಗಿನಲ್ಲಿಡದೆ, ಚಾಲಕನ ಕೈ ಎಟುಕುವ ಜಾಗದಲ್ಲಿ ಇಡಬೇಕು. ಗ್ಲೂಕೋಸ್ ಪುಡಿಯೇ ಏಕೆ, ಚಾಕೊಲೇಟ್ ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಚಾಕೊಲೇಟಿನಲ್ಲಿರುವ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ನಿಧಾನಗೊಳಿಸುತ್ತದೆ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಿಗಂತೂ ಇದಕ್ಕಿಂತ ಗಂಭೀರವಾದ ಕಾರಣವಿದೆ. ಈ ಎರಡು ಔಷಧಗಳು ಕರುಳಿನಲ್ಲಿ ಸಕ್ಕರೆ ಮತ್ತು ಪಿಷ್ಟ ಒಡೆಯುವುದನ್ನೇ ತಡೆಯುತ್ತವೆ. ನಾವು ಬಳಸುವ ಅಡುಗೆ ಸಕ್ಕರೆ ಒಡೆದ ಮೇಲಷ್ಟೇ ಅದರಲ್ಲಿನ ಗ್ಲೂಕೋಸ್ ರಕ್ತಕ್ಕೆ ಸೇರಬೇಕು. ಹೀಗಾಗಿ ಅವರಿಗೆ ಲೋ ಶುಗರ್ ಆದಾಗ ಸಕ್ಕರೆ ನೀರು, ಬೆಲ್ಲ, ಪೆಪ್ಪರ್‌ಮಿಂಟ್ ಬೇಗ ಕೆಲಸ ಮಾಡುವುದಿಲ್ಲ, ಶುದ್ಧ ಗ್ಲೂಕೋಸೇ ಬೇಕು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೊಗ್ಲಿಬೋಸ್ ಮೂರನ್ನೂ ಬೆರೆಸಿದ ಮಾತ್ರೆ ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿದ್ದರೂ, ಅದನ್ನು ನುಂಗುವವರಿಗೆ ಈ ವಿಷಯ ಯಾರೂ ಹೇಳಿರುವುದಿಲ್ಲ ಎಂಬುದು ನನಗೆ ಕಳವಳದ ಸಂಗತಿ.

ದಾರಿಯಲ್ಲಿ ಲಕ್ಷಣ ಕಂಡರೆ

ಬೆವರು, ನಡುಕ, ಇಲ್ಲವೇ ಎದುರಿನ ಗಾಡಿಯ ಮೇಲೆ ಗಮನ ನಿಲ್ಲುತ್ತಿಲ್ಲ ಎಂಬ ಅನುಮಾನ ಬಂದ ಕೂಡಲೇ ಇಂಡಿಕೇಟರ್ ಹಾಕಿ ರಸ್ತೆಯ ಎಡಬದಿಗೆ ಸುರಕ್ಷಿತವಾಗಿ ಗಾಡಿ ನಿಲ್ಲಿಸಬೇಕು. ಇನ್ನು ಐದು ಕಿಲೋಮೀಟರಿಗೆ ಹೋಟೆಲ್ ಸಿಗುತ್ತದೆ ಎಂಬ ಲೆಕ್ಕಾಚಾರ ಬೇಡ. ಎಂಜಿನ್ ಆರಿಸಿ, ಕೀಲಿ ತೆಗೆದು, ಸಾಧ್ಯವಾದರೆ ಪಕ್ಕದ ಸೀಟಿಗೆ ಸರಿಯಬೇಕು. ಮಂಕು ಕವಿದ ಸ್ಥಿತಿಯಲ್ಲಿ ಮತ್ತೆ ಗಾಡಿ ಹೊರಡಿಸದಂತೆ ತಡೆಯುವುದಕ್ಕೇ ಈ ಕ್ರಮ. ಬಳಿಕ ಸುಮಾರು 15 ಗ್ರಾಂ, ಅಂದರೆ ಮೂರು ಚಮಚದಷ್ಟು ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ನೀರಿಲ್ಲದಿದ್ದರೆ ಹಾಗೆಯೇ ಬಾಯಿಗೆ ಹಾಕಿಕೊಳ್ಳಬೇಕು. 15 ನಿಮಿಷ ಬಿಟ್ಟು ಮಟ್ಟ ನೋಡಿ, ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ ತೆಗೆದುಕೊಳ್ಳಬೇಕು. ಸರಿಹೋದ ಮೇಲೆ ಬಿಸ್ಕತ್ತು, ಬಾಳೆಹಣ್ಣು, ಚಪಾತಿ ಯಾವುದನ್ನಾದರೂ ತಿನ್ನಬೇಕು, ಇಲ್ಲವಾದರೆ ಔಷಧದ ಪ್ರಭಾವ ಉಳಿದಿರುವುದರಿಂದ ಮಟ್ಟ ಮತ್ತೆ ಇಳಿಯುತ್ತದೆ.

ಮೀಟರಿನಲ್ಲಿ 100 ಕಂಡ ತಕ್ಷಣ ಹೊರಡುವುದು ದೊಡ್ಡ ತಪ್ಪು. ರಕ್ತದ ಸಕ್ಕರೆ ಏರಿದರೂ ಮಿದುಳಿನ ಚುರುಕು ಅಷ್ಟೇ ಬೇಗ ಮರಳುವುದಿಲ್ಲ. ಮಟ್ಟ ಸರಿಯಾದ ಮೇಲೂ 45 ನಿಮಿಷ ಕಾದು ಗಾಡಿ ತೆಗೆಯಬೇಕೆಂದು ಬ್ರಿಟನ್ನಿನ ನಿಯಮ ಹೇಳುವುದು ಇದೇ ಕಾರಣಕ್ಕೆ.

ಘಟ್ಟದ ರಸ್ತೆಗಳಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಬೇಕಾದಲ್ಲಿ ನಿಲ್ಲಿಸಲು ಜಾಗವಿರುವುದಿಲ್ಲ, ಮಳೆಗಾಲದಲ್ಲಿ ಗುಡ್ಡ ಜರಿದರೆ ಗಂಟೆಗಟ್ಟಲೆ ಸಾಲಿನಲ್ಲಿ ಸಿಕ್ಕಿಕೊಳ್ಳಬೇಕಾಗುತ್ತದೆ. ಆದ್ದರಿಂದ ಸಕಲೇಶಪುರ, ಕೊಟ್ಟಿಗೆಹಾರ, ಆಗುಂಬೆಯಂಥ ಘಟ್ಟದ ಮೇಲಿನ ಊರುಗಳಲ್ಲೇ ನಿಲ್ಲಿಸಿ, ಮಟ್ಟ ನೋಡಿ, ತಿಂದು, ಬಳಿಕ ಇಳಿಯುವುದು ವಾಸಿ.

ಹಲವು ವರ್ಷಗಳಿಂದ ಮಧುಮೇಹವಿರುವವರಲ್ಲಿ, ಪದೇಪದೇ ಲೋ ಶುಗರ್ ಆಗುತ್ತಿರುವವರಲ್ಲಿ ಬೆವರು ನಡುಕಗಳ ಎಚ್ಚರಿಕೆಯೇ ಬಾರದೆ ನೇರವಾಗಿ ಮಂಕು ಕವಿಯಬಹುದು. ರಕ್ತದೊತ್ತಡಕ್ಕೆ ಅಥವಾ ಹೃದಯಕ್ಕೆಂದು ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳೂ ನಡುಕವನ್ನು, ಎದೆಬಡಿತವನ್ನು ಮರೆಮಾಚುತ್ತವೆ, ಬೆವರು ಮಾತ್ರ ಉಳಿಯುತ್ತದೆ. ಎಚ್ಚರಿಕೆಯ ಲಕ್ಷಣಗಳು ತಿಳಿಯದಂತಾದವರು ವೈದ್ಯರು ಚಿಕಿತ್ಸೆಯನ್ನು ಸರಿಪಡಿಸುವವರೆಗೆ ಗಾಡಿ ಓಡಿಸಬಾರದು. ಈ ವಿಷಯದಲ್ಲಿ ರಿಯಾಯಿತಿಗೆ ಎಡೆಯಿಲ್ಲ. ಹಲವು ವಾರ ಲೋ ಶುಗರ್ ಆಗದಂತೆ ನೋಡಿಕೊಂಡರೆ ಎಚ್ಚರಿಕೆಯ ಲಕ್ಷಣಗಳು ಎಷ್ಟೋ ಜನರಲ್ಲಿ ಮರಳಿ ಬರುತ್ತವೆ.

ರಸ್ತೆಯಲ್ಲಿ ತೊದಲುತ್ತಾ, ತೂರಾಡುತ್ತಾ ಇರುವ ಚಾಲಕನನ್ನು ಕಂಡಾಗ ಜನ ಕುಡಿದಿದ್ದಾನೆಂದೇ ತೀರ್ಮಾನಿಸುತ್ತಾರೆ. ಮಧುಮೇಹಿಗಳು ‘ನನಗೆ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ’ ಎಂದು ಕನ್ನಡದಲ್ಲಿ ಬರೆದ ಚೀಟಿಯನ್ನು ಪರ್ಸಿನಲ್ಲಿ ಡಿಎಲ್ ಜೊತೆಗೇ ಇಟ್ಟುಕೊಂಡರೆ ಆ ಕ್ಷಣದಲ್ಲಿ ಜೀವ ಉಳಿಯಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು, ಜ್ಯೂಸ್ ಸುರಿಯಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಬೇಕು.

ಕಣ್ಣು, ಪಾದ ಮತ್ತು ಬೇರೆ ಮಾತ್ರೆಗಳು

ಸಕ್ಕರೆ ಮಿತಿಮೀರಿ ಏರಿದಾಗಲೂ ಚಾಲನೆ ಕಷ್ಟ. ದಣಿವು, ತೂಕಡಿಕೆ, ಪದೇಪದೇ ಮೂತ್ರದ ಒತ್ತಡ ಇರುತ್ತವೆ, ಕಣ್ಣಿನ ಮಸೂರದಲ್ಲಿ ನೀರಿನ ಅಂಶ ವ್ಯತ್ಯಾಸವಾಗಿ ದೃಷ್ಟಿ ಮಂಜಾಗುತ್ತದೆ. ಚಿಕಿತ್ಸೆ ಶುರುವಾಗಿ ಸಕ್ಕರೆ ಬೇಗನೆ ಇಳಿದಾಗಲೂ ಕೆಲವು ವಾರ ಹೀಗಾಗುವುದುಂಟು. ಆ ಅವಧಿಯಲ್ಲಿ ಹೊಸ ಕನ್ನಡಕ ಮಾಡಿಸಿದರೆ ದುಡ್ಡು ವ್ಯರ್ಥ. ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆಗೆ ಹೋದಾಗ ಪಾಪೆ ಹಿಗ್ಗಿಸಲು ಹನಿ ಹಾಕುತ್ತಾರೆ, ಆಮೇಲೆ ಹಲವು ಗಂಟೆ ಬೆಳಕು ಚುಚ್ಚುತ್ತದೆ, ಹತ್ತಿರದ್ದು ಕಾಣದು. ಆ ದಿನ ಸ್ವತಃ ಗಾಡಿ ಓಡಿಸಿಕೊಂಡು ಹೋಗಬಾರದು. ಅಕ್ಷಿಪಟಲಕ್ಕೆ ವ್ಯಾಪಕವಾಗಿ ಲೇಸರ್ ಮಾಡಿಸಿಕೊಂಡವರಿಗೆ ಬದಿಯ ನೋಟ ಮತ್ತು ಇರುಳ ನೋಟ ಕುಗ್ಗಿರಬಹುದು.

ಪಾದದ ನರಗಳು ಮರಗಟ್ಟಿದವರಿಗೆ ಕಾಲು ಬ್ರೇಕಿನ ಮೇಲಿದೆಯೋ ಆಕ್ಸಿಲರೇಟರಿನ ಮೇಲಿದೆಯೋ ತಿಳಿಯದೆ ಹೋಗಬಹುದು. ಈ ಪಾದದ ಉರಿಗೆಂದೇ ಕೊಡುವ ಪ್ರಿಗಬಾಲಿನ್, ಗ್ಯಾಬಪೆಂಟಿನ್, ಅಮಿಟ್ರಿಪ್ಟಿಲಿನ್ ಮಾತ್ರೆಗಳು ನಿದ್ದೆ ತರಿಸುತ್ತವೆ. ‘ನರಕ್ಕೆ ಶಕ್ತಿ ಮಾತ್ರೆ’ ಎಂದು ತಿಳಿದು ನುಂಗುವ ವಿಟಮಿನ್ ಮಿಶ್ರಣಗಳಲ್ಲೂ ಪ್ರಿಗಬಾಲಿನ್ ಇರುವುದು ಸಾಮಾನ್ಯ. ಇಂಥ ಮಾತ್ರೆ ಹೊಸದಾಗಿ ಶುರುವಾದಾಗ, ಅದು ತಮ್ಮ ಮೇಲೆ ಎಷ್ಟು ಪ್ರಭಾವ ಬೀರುತ್ತದೆಂದು ತಿಳಿಯುವವರೆಗೆ ಗಾಡಿಯಿಂದ ದೂರವಿರಬೇಕು.

ಕಾನೂನು ಮತ್ತು ವೃತ್ತಿಪರ ಚಾಲಕರು

ಚಾಲನಾ ಪರವಾನಗಿಗೆ ಆರ್‌ಟಿಒದಲ್ಲಿ ಕೊಡುವ ನಮೂನೆ 1ರ ಸ್ವಯಂ ಘೋಷಣೆಯಲ್ಲಿ ಮಧುಮೇಹ ಎಂಬ ಹೆಸರಿಲ್ಲ. ಆದರೆ ಯಾವುದೇ ಕಾರಣದಿಂದ ದಿಢೀರನೆ ಪ್ರಜ್ಞೆ ತಪ್ಪುವ ಅಥವಾ ತಲೆ ಸುತ್ತುವ ತೊಂದರೆ ಇದೆಯೇ, 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ, ಇರುಳುಗುರುಡು ಇದೆಯೇ ಎಂಬ ಪ್ರಶ್ನೆಗಳಿವೆ. ತೀವ್ರ ಲೋ ಶುಗರ್ ಆಗಿ ಬಿದ್ದವರು ಮೊದಲ ಪ್ರಶ್ನೆಗೆ ನಿಜವಾದ ಉತ್ತರವನ್ನೇ ಕೊಡಬೇಕು. ತನ್ನ ಕಾಯಿಲೆಯಿಂದ ಜನರಿಗೆ ಅಪಾಯವಿದೆಯೆಂದು ತಿಳಿದೂ ಸಾರ್ವಜನಿಕ ರಸ್ತೆಯಲ್ಲಿ ವಾಹನ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 186ನೇ ಕಲಮಿನ ಪ್ರಕಾರ ಅಪರಾಧ.

ಲಾರಿ, ಬಸ್, ಕ್ಯಾಬ್ ಚಾಲಕರ ಪರಿಸ್ಥಿತಿ ಇನ್ನೂ ಕಠಿಣ. ಊಟದ ಹೊತ್ತು ಅವರ ಕೈಯಲ್ಲಿರುವುದಿಲ್ಲ, ರಾತ್ರಿ ಪಾಳಿ ಇರುತ್ತದೆ, ಕಾಯಿಲೆ ಹೇಳಿಕೊಂಡರೆ ಕೆಲಸ ಹೋದೀತೆಂಬ ಭಯವಿರುತ್ತದೆ. ಆ ಭಯದಿಂದ ಕೆಲವರು ಡ್ಯೂಟಿಯ ದಿನ ಇನ್ಸುಲಿನ್ ಬಿಟ್ಟುಬಿಡುತ್ತಾರೆ, ಇದರಿಂದ ಸಕ್ಕರೆ ಏರಿ ಕಣ್ಣು, ಮೂತ್ರಪಿಂಡ ಹಾಳಾಗುತ್ತವೆ. ಬೆಳಿಗ್ಗೆ, ರಾತ್ರಿ ಎಂದು ನಿಗದಿಯಾದ ಹೊತ್ತಿಗೆ ಚುಚ್ಚಿಕೊಳ್ಳುವ, ಬೇಗ ಕೆಲಸ ಮಾಡುವ ಮತ್ತು ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್‌ಗಳನ್ನು ಬೆರೆಸಿದ 30/70 ಮಿಶ್ರ ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಊಟ ಬೇಡುವ ಔಷಧ, ಪಾಳಿಯ ಬದುಕಿಗೆ ಅದು ಚೆನ್ನಾಗಿ ಒಗ್ಗುವುದಿಲ್ಲ. ಬೇರೆ ಬಗೆಯ ಇನ್ಸುಲಿನ್ ಇದೆ, ಸಲ್ಫೊನೈಲ್‌ಯೂರಿಯಾ ಬದಲಿಗೆ ಕೊಡಬಹುದಾದ ಮಾತ್ರೆಗಳಿವೆ, ಅವುಗಳಲ್ಲಿ ಕೆಲವು ಪೇಟೆಂಟ್ ಮುಗಿದು ಮೊದಲಿಗಿಂತ ಅಗ್ಗವಾಗಿವೆ. ಆದರೆ ಈ ಬದಲಾವಣೆ ಮಾಡಬೇಕೆಂದು ವೈದ್ಯರಿಗೆ ಹೊಳೆಯಬೇಕಾದರೆ ಎದುರಿಗೆ ಕುಳಿತವರು ಚಾಲಕರೆಂಬುದು ಅವರಿಗೆ ಗೊತ್ತಿರಬೇಕು. ಮುಂದಿನ ಸಲ ಹೋಗುವಾಗ ಶುಗರ್ ರಿಪೋರ್ಟ್ ಜೊತೆಗೆ ಡ್ಯೂಟಿಯ ಹೊತ್ತು, ಊಟದ ಹೊತ್ತು, ಕಳೆದ ತಿಂಗಳಲ್ಲಿ ಮೈ ಬೆವರಿ ನಡುಗಿದ ದಿನಗಳು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ಅವರ ಮುಂದಿಡಬೇಕು.